ಎರಡೇ ಗುರುತಿನ ನಕ್ಷೆ

ನೀರು ಸರಬರಾಜು ಮಂಡಳಿಯ ನಕ್ಷೆ ಕೋಣೆಯಲ್ಲಿ ಕೂರುತ್ತಿದ್ದ ಹೆಂಗಸಿಗೆ ಕಚೇರಿಯವರು ಇಟ್ಟಿದ್ದ ಹೆಸರು ದಶಾಂಶ. ಯಾರಾದರೂ 'ಸುಮಾರು ಹತ್ತು ಮೀಟರ್' ಎಂದರೆ 'ಸುಮಾರು ಅಂದ್ರೆ ಎಷ್ಟು?' ಎಂದು ಕೇಳುವಳು. ಕೇಳಿದವಳು ಉತ್ತರಕ್ಕೆ ಕಾಯದೆ ಕಂಪ್ಯೂಟರಿನ ಕಡೆ ತಿರುಗಿಬಿಡುವಳು. ಬೆನ್ನ ಹಿಂದೆ ಓಡಾಡುತ್ತಿದ್ದ ಈ ಹೆಸರು ಅವಳ ಕಿವಿಗೂ ಬಿದ್ದಿತ್ತು. ಅವಳು ಅದನ್ನು ಬಿರುದು ಎಂದೇ ಇಟ್ಟುಕೊಂಡಿದ್ದಳು.

ಆ ಕಟ್ಟಡದಲ್ಲಿ ಅವಳ ಲೆಕ್ಕಕ್ಕೆ ಬರುವ ಮನುಷ್ಯರು ಇರಲಿಲ್ಲ. ಚೀಫ್ ಸಾಹೇಬರು ಮೇಜಿನ ಮೇಲೆ ಬಣ್ಣಬಣ್ಣದ ಪೆನ್ನುಗಳನ್ನು ಜೋಡಿಸಿಟ್ಟುಕೊಂಡು, ಒಂದರಿಂದಲೂ ಏನನ್ನೂ ಬರೆಯದೆ ನಿವೃತ್ತಿಯ ಕಡೆಗೆ ತೇಲುತ್ತಿದ್ದವರು. ಪಕ್ಕದ ಕೋಣೆಯ ಕಿರಿಯ ಎಂಜಿನಿಯರುಗಳು ನಕ್ಷೆಯನ್ನು ತಲೆಕೆಳಗಾಗಿ ಹಿಡಿದುಕೊಂಡು ಚಹಾ ಲೋಟಗಳಿಗೆ ಅದನ್ನೇ ತಟ್ಟೆ ಮಾಡಿಕೊಳ್ಳುತ್ತಿದ್ದವರು. ಅಗೆಯುವ ತಂಡದ ಮೇಸ್ತ್ರಿಗೆ ನಕ್ಷೆ ಎಂದರೇ ಆಗದು. 'ಕಾಗದ ತೋರಿಸಿದ ಕಡೆ ಅಗೆದರೆ ಮಣ್ಣು ಸಿಗುತ್ತೆ, ಮಣ್ಣು ಎಲ್ಲಾ ಕಡೆ ಸಿಗುತ್ತೆ' ಎನ್ನುವನು. ಇವರೆಲ್ಲರ ನಡುವೆ ತಾನೊಬ್ಬಳೇ ಕಣ್ಣು ತೆರೆದುಕೊಂಡಿದ್ದೇನೆ ಎಂಬ ಭಾವನೆ ಅವಳಿಗೆ ಬೆಳಿಗ್ಗೆ ಬಾಗಿಲ ಬೀಗ ತೆಗೆಯುವಾಗಲೇ ಬರುತ್ತಿತ್ತು.

ಅವಳು ಮೆಚ್ಚಿದ ಮನುಷ್ಯ ಒಬ್ಬನಿದ್ದ. ಊರಿನ ಹಳೆಯ ಭಾಗದ ನೀರಿನ ಕೊಳವೆಗಳನ್ನೆಲ್ಲ ಹೂಳಿಸಿದ ಎಂಜಿನಿಯರ್. ಆತ ಸತ್ತು ಯಾವುದೋ ಕಾಲವಾಗಿದ್ದರಿಂದ ಆ ಮೆಚ್ಚುಗೆ ಕೆಡುವ ಭಯವೂ ಇರಲಿಲ್ಲ. ಆತ ಅಕ್ಷಾಂಶ ರೇಖಾಂಶಗಳ ಗೊಡವೆಗೆ ಹೋಗಿರಲಿಲ್ಲ. ಪಂಪ್‌ಹೌಸಿನ ನೆಲಕ್ಕೆ ಒಂದು ಹಿತ್ತಾಳೆ ಮೊಳೆ ಹೊಡೆಸಿ, ಊರಿನಲ್ಲಿ ನೀರು ನಿಲ್ಲಿಸುವ ಒಂದೊಂದು ಕವಾಟವನ್ನೂ ಕೊಳವೆಯ ಒಂದೊಂದು ತಿರುವನ್ನೂ ಆ ಮೊಳೆಯಿಂದ ಇಷ್ಟು ಅಡಿ ಆ ಕಡೆ, ಇಷ್ಟು ಅಡಿ ಈ ಕಡೆ ಎಂದು ಅಳೆಸಿದ್ದ. ಉತ್ತರ ದಿಕ್ಕನ್ನೂ ತನಗೆ ಬೇಕಾದ ಹಾಗೆ ತಿರುಗಿಸಿಕೊಂಡಿದ್ದ: ಮುಖ್ಯರಸ್ತೆ ಎತ್ತ ಹೋಗುತ್ತದೋ ಅದೇ ಉತ್ತರ. ಅವನ ಬಟ್ಟೆಹಾಳೆಯ ನಕ್ಷೆಗಳಲ್ಲಿ ಒಂದು ಗೀಟೂ ನಡುಗಿರಲಿಲ್ಲ.

ಮಂಡಳಿಯವರು ಈ ನಕ್ಷೆಗಳನ್ನು ಡೇಟಾಬೇಸಿಗೆ ಸೇರಿಸಬೇಕೆಂದು ಹೊರಗಿನಿಂದ ಒಬ್ಬ ಸಲಹೆಗಾರನನ್ನು ಗೊತ್ತು ಮಾಡಿದರು. ಬಂದವನು ದಶಾಂಶಳ ಗಂಡನ ಅಣ್ಣ.

ಭಾವನ ಮಾತೆಲ್ಲ ಪರದೆಯ ಮೇಲೆ ಮೂಡುವ ಸ್ಲೈಡುಗಳಲ್ಲೇ ಇರುತ್ತಿತ್ತು. ಎರಡು ಬಾಣ, ಮೂರು ವೃತ್ತ, ನಡುವೆ ಒಂದು ಇಂಗ್ಲಿಷ್ ಪದ. ಅವಳು ಮನಸ್ಸಿನಲ್ಲೇ ಅವನಿಗೆ 'ಸ್ಲೈಡು' ಎಂದು ಹೆಸರಿಟ್ಟಿದ್ದಳು. ಮೊದಲ ದಿನ ಸಭೆಯ ಕೋಣೆಯಲ್ಲಿ ಪರದೆ ಇಳಿಬಿಟ್ಟು, ದೀಪ ಆರಿಸಿ, 'ಈಗ ನಿಮ್ಮ ಊರಿನ ರಕ್ತನಾಳಗಳನ್ನ ತೋರಿಸ್ತೀನಿ' ಎಂದು ಭಾವ ಗುಂಡಿ ಒತ್ತಿದ. ಪರದೆಯ ತುಂಬ ನೀಲಿ. ನೀಲಿಯ ನಡುವೆ ಇರುವೆ ಸಾಲಿನಂತೆ ಒಂದಿಷ್ಟು ಕಪ್ಪು ಗೆರೆ.

ಚೀಫ್ ಸಾಹೇಬರು ಕನ್ನಡಕ ಏರಿಸಿಕೊಂಡರು. "ಇದು ಯಾವ ಬಡಾವಣೆ?"

"ಸಮುದ್ರ, ಸರ್," ಎಂದಳು ದಶಾಂಶ ಹಿಂದಿನ ಸಾಲಿನಿಂದ. "ನಮ್ಮ ಕೊಳವೆ ಎಲ್ಲಾ ಸಮುದ್ರದ ಮಧ್ಯ ಇವೆ. ಮೊಳೆಯಿಂದ ಅಳೆದ ಅಡೀನ, ಇವರು ದೇಶದ ನಕ್ಷೆಯ ಮೀಟರ್ ಅಂತ ಹೇಳಿ ಹಾಕಿದ್ದಾರೆ."

ಕಿರಿಯ ಎಂಜಿನಿಯರುಗಳು ಕಿಸಕ್ಕೆಂದರು. ಭಾವ ನಗುತ್ತಲೇ ಇದ್ದ. ಅವನ ನಗು ಗೋಡೆಗೆ ಹೊಡೆದ ಬಣ್ಣದ ಹಾಗೆ, ಒಳಗೆ ಏನು ಬಿರುಕು ಬಿಟ್ಟರೂ ಮೇಲೆ ಕಾಣುತ್ತಿರಲಿಲ್ಲ. "ಇದೇನು ದೊಡ್ಡ ವಿಷಯ ಅಲ್ಲ ಬಿಡಿ, ಒಂದು ನಿಮಿಷ," ಎಂದು ಎಲ್ಲಾ ಗೆರೆಗಳನ್ನೂ ಒಟ್ಟಿಗೆ ಹಿಡಿದು, ಮೌಸಿನಿಂದ ಎಳೆದುಕೊಂಡು ಬಂದು ಊರಿನ ಮೇಲೆ ಬಿಟ್ಟ. ಸ್ವಲ್ಪ ಓರೆಯಾಯಿತು, ಕಣ್ಣಳತೆಯಲ್ಲೇ ತಿರುಗಿಸಿದ. ಊರಿಗಿಂತ ದೊಡ್ಡದಾಯಿತು, ಮೂಲೆ ಹಿಡಿದು ಕುಗ್ಗಿಸಿದ. ಮುಖ್ಯರಸ್ತೆಯ ಕೊಳವೆ ಮುಖ್ಯರಸ್ತೆಯ ಮೇಲೆ ಕೂತಿತು. ಯಾರೋ ಚಪ್ಪಾಳೆ ತಟ್ಟಿದರು.

ಸಭೆ ಮುಗಿದ ಮೇಲೆ ಅವಳು ಚೀಫ್ ಕೋಣೆಗೆ ಹೋದಳು. "ಸರ್, ಅಂಗಿ ಮೈಗೆ ಆಗ್ಲಿಲ್ಲ ಅಂತ ಹಿಡಿದು ಎಳೆದ ಹಾಗಾಯ್ತು ಇದು. ಆ ಅಂಕಿಗಳು ತಪ್ಪಲ್ಲ. ಅವು ಯಾವ ಲೆಕ್ಕದ ಅಂಕಿ ಅನ್ನೋದು ಡೇಟಾಬೇಸಿಗೆ ಗೊತ್ತಿಲ್ಲ, ಅಷ್ಟೇ. ನಮ್ಮ ಊರಿನದೇ ಒಂದು ನಿರ್ದೇಶಾಂಕ ವ್ಯವಸ್ಥೆ ಇದೆ ಅಂತ ಅದಕ್ಕೆ ಹೇಳ್ಕೊಡಬೇಕು. ಮೊಳೆ ಭೂಮಿ ಮೇಲೆ ಎಲ್ಲಿದೆ, ಉತ್ತರ ಎಷ್ಟು ವಾಲಿದೆ, ಅಡಿಗೆ ಎಷ್ಟು ಮೀಟರ್. ಒಂದು ಸಾಲು ಸಾಕು. ಆಮೇಲೆ ಅದೇ ಲೆಕ್ಕ ಹಾಕ್ಕೊಂಡು ಎಲ್ಲಿ ಬೇಕೋ ಅಲ್ಲಿ ತೋರಿಸುತ್ತೆ. ಒಂದು ಅಂಕೀನೂ ಮುಟ್ಟಬೇಕಾಗಿಲ್ಲ."

ಸಾಹೇಬರು ಹಸಿರು ಪೆನ್ನನ್ನು ಕೆಂಪಿನ ಜಾಗಕ್ಕೆ ಸರಿಸಿದರು. "ನೋಡಮ್ಮ, ರಸ್ತೆ ಮೇಲೆ ಕೊಳವೆ ಕೂತಿದೆಯೋ ಇಲ್ವೋ?"

"ನಡು ಊರಲ್ಲಿ ಕೂತಿದೆ. ಅಂಚಿಗೆ ಹೋದ ಹಾಗೆ ಜಾರುತ್ತೆ."

"ಅಂಚಿಗೆ ಯಾರು ಹೋಗಿ ನೋಡ್ತಾರೆ?"

  ಅವಳು ಹೊರಗೆ ಬಂದು ಬಾಗಿಲನ್ನು ಬೇಕಾದುದಕ್ಕಿಂತ ಸ್ವಲ್ಪ ಜೋರಾಗಿ ಹಾಕಿದಳು.

ವ್ಯವಸ್ಥೆ ಕಟ್ಟಬೇಕಾದರೆ ಹಳೆಯ ನಕ್ಷೆಯಲ್ಲೂ ಇರುವ, ನೆಲದ ಮೇಲೆ ಇಂದಿಗೂ ಸಿಗುವ ಗುರುತುಗಳು ಬೇಕು. ಆ ಗುರುತುಗಳ ಮೇಲೆ ಉಪಗ್ರಹದಿಂದ ಸ್ಥಾನ ಹಿಡಿಯುವ ಯಂತ್ರವನ್ನಿಟ್ಟು ಅಳೆಯಬೇಕು. ಮಂಡಳಿಯಲ್ಲಿ ಅಂಥ ಯಂತ್ರ ಇರಲಿಲ್ಲ. ಇದ್ದದ್ದು ಭಾವನ ಬಳಿ. ಫೋಟೋ ತೆಗೆಸಿಕೊಳ್ಳುವ ಉತ್ಸಾಹದಲ್ಲಿ ಅವನು ಒಂದು ಬೆಳಿಗ್ಗೆ ಅದನ್ನು ಹೊತ್ತು ತಂದು, ಪಂಪ್‌ಹೌಸಿನ ಮೊಳೆಯ ಮೇಲೊಮ್ಮೆ, ಸೇತುವೆಯ ಮೂಲೆಯಲ್ಲಿ ಕಂಡರಿಸಿದ ಕಲ್ಲಿನ ಮೇಲೊಮ್ಮೆ ನಿಲ್ಲಿಸಿದ್ದ. ನಕ್ಷೆಯಲ್ಲಿ ಇನ್ನೂ ಗುರುತುಗಳಿದ್ದವು: ದಿಬ್ಬದ ನೀರಿನ ತೊಟ್ಟಿ, ಸ್ಮಶಾನದ ಗೇಟು, ಜೈಲಿನ ಗೋಡೆಯ ಮೂಲೆ. ಅಷ್ಟರಲ್ಲಿ ಬಿಸಿಲೇರಿತು. ಭಾವನ ಬೂಟು ಧೂಳಾಯಿತು. "ಮಿಕ್ಕಿದ್ದು ಯಾವಾಗ ಬೇಕಾದ್ರೂ ಕೇಳು, ಕೊಡ್ತೀನಿ," ಎಂದು ಹೊರಟುಹೋದ.

ಕೇಳುವ ದಿನ ಬಂತು. ಅದು ಭಾನುವಾರ. ಅತ್ತೆಯ ಮನೆಯಲ್ಲಿ ಊಟ.

ಅತ್ತೆಯ ಊಟದ ಮೇಜಿನಲ್ಲಿ ದೊಡ್ಡ ಮಗನಿಗೆ ಕಿಟಕಿಯ ಪಕ್ಕದ ಕುರ್ಚಿ. ಚಿಕ್ಕ ಮಗ, ಅಂದರೆ ದಶಾಂಶಳ ಗಂಡ, ದನದ ಡಾಕ್ಟರು. ಕೈ ಎಷ್ಟು ತೊಳೆದು ಬಂದರೂ ಅತ್ತೆ ಅವನನ್ನು ಬಾಗಿಲ ಪಕ್ಕಕ್ಕೇ ಕೂರಿಸುತ್ತಿದ್ದರು. ದಶಾಂಶಳಿಗೆ ಗಂಡನ ಪಕ್ಕ, ಅಡುಗೆಮನೆಗೆ ಹತ್ತಿರ, ಪದೇ ಪದೇ ಏಳಲು ಅನುಕೂಲವಾಗುವಂತೆ.

"ಇವಳ ಆಫೀಸಲ್ಲಿ ನಾನು ಸಮುದ್ರದಿಂದ ನೀರು ತಂದೆ ಕಣಮ್ಮ," ಎಂದ ಭಾವ. ಅತ್ತೆಗೆ ಏನೂ ಅರ್ಥವಾಗದಿದ್ದರೂ ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದರು.

ದಶಾಂಶ ನೀರು ಕುಡಿದಳು. ಬೆಳಿಗ್ಗೆಯಿಂದ ಬಾಯಲ್ಲಿ ಉರುಹೊಡೆದಿದ್ದ ವಾಕ್ಯ ಒಂದಿತ್ತು: 'ಭಾವ, ಇನ್ನು ಮೂರು ಕಡೆ ಅಳೀಬೇಕು, ಯಂತ್ರ ಬೇಕಿತ್ತು.' ಅದನ್ನು ಅರ್ಧ ಹೇಳಿದಳು. "ಭಾವ, ಇನ್ನು ಮೂರು ಕಡೆ—"

"ಆಹಾ!" ಭಾವ ಚಮಚ ಕೆಳಗಿಟ್ಟ. "ನೋಡೋ ತಮ್ಮ, ನಿನ್ನ ಹೆಂಡತಿ ನನ್ನ ಕೆಲಸ ಎಲ್ಲಾ ತಪ್ಪು ಅಂತ ಚೀಫ್ ಹತ್ರ ಹೇಳಿ ಬಂದಳಂತೆ. ಈಗ ನನ್ನ ಯಂತ್ರಾನೇ ಬೇಕಂತೆ. ಕೊಡ್ತೀನಿ ಬಿಡಮ್ಮ. ಬಾಯ್ತುಂಬ ಒಂದು ಸಲ 'ಭಾವ, ಪ್ಲೀಸ್' ಅನ್ನು, ಮನೆಗೇ ತಂದು ಕೊಡ್ತೀನಿ."

ಅತ್ತೆ ನಕ್ಕರು. ಗಂಡ ತಟ್ಟೆ ನೋಡಿಕೊಂಡ.

"ಬೇಡ ಭಾವ," ಎಂದಳು ಅವಳು. "ಉಪ್ಪು ಬೇಕಾ ಅಂತ ಕೇಳೋಕೆ ಹೋದೆ. ಇನ್ನು ಮೂರು ಕಡೆ ಉಪ್ಪಿನ ಡಬ್ಬಿ ಇದೆ ಅಡುಗೆಮನೇಲಿ." ಮಾತು ಸರಿಹೊಂದಲಿಲ್ಲ ಎಂದು ಅವಳಿಗೂ ಗೊತ್ತಿತ್ತು. ಆದರೆ 'ಪ್ಲೀಸ್' ಎನ್ನುವುದಕ್ಕಿಂತ ಅದೇ ವಾಸಿ ಅನ್ನಿಸಿತು.

ಎರಡು ಗುರುತುಗಳಲ್ಲೇ ಅವಳು ಕೆಲಸ ಮುಗಿಸಿದಳು. ಲೆಕ್ಕ ಹಾಕಿದಾಗ ಎರಡೂ ಕೂದಲೆಳೆಯ ವ್ಯತ್ಯಾಸವಿಲ್ಲದೆ ಕೂತವು. ಕೂರದೆ ಏನು ಮಾಡುತ್ತವೆ? ಯಾವ ಹಾಳೆಯನ್ನಾದರೂ ಎರಡು ಮೊಳೆಗೆ ಸರಿಯಾಗಿ ನೇತುಹಾಕಬಹುದು. ಮೊಳೆಯೇ ತಪ್ಪು ಜಾಗದಲ್ಲಿದ್ದರೆ ಹೇಳುವುದು ಮೂರನೆಯದು. ಇದು ಅವಳು ಓದಿದ ಪುಸ್ತಕದ ಮೊದಲ ಅಧ್ಯಾಯದಲ್ಲೇ ಇತ್ತು. ಆದರೂ ಆ ಶೂನ್ಯವನ್ನು ಪರದೆಯ ಮೇಲೆ ನೋಡಿದಾಗ ಅವಳ ಎದೆ ಉಬ್ಬಿತು. ಒಂದೇ ಒಂದು ಸಣ್ಣ ಕೊಸರು ಉಳಿದಿತ್ತು: ಅಡಿಗೆ ಬರಬೇಕಾದಷ್ಟು ಮೀಟರ್ ಬಂದಿರಲಿಲ್ಲ, ಚೂರು ಹೆಚ್ಚೇ ಬಂದಿತ್ತು. ಹಳೆಯ ಕಾಲದ ಅಳತೆಯ ಸರಪಳಿ, ಬಿಸಿಲಿಗೆ ಹಿಗ್ಗಿರಬೇಕು ಎಂದುಕೊಂಡಳು. ತಾನು ಮೆಚ್ಚಿದ ಒಬ್ಬನೇ ಮನುಷ್ಯನ ತಲೆಗೆ ಅದನ್ನೂ ಕಟ್ಟಿ ಮುಂದೆ ಹೋದಳು.

ಡೇಟಾಬೇಸಿನಲ್ಲಿ ಜಗತ್ತಿನ ನಿರ್ದೇಶಾಂಕ ವ್ಯವಸ್ಥೆಗಳೆಲ್ಲ ಇರುವ ಒಂದು ಕೋಷ್ಟಕವಿದೆ. ಒಂದೊಂದಕ್ಕೂ ಒಂದು ಸಂಖ್ಯೆ. ಸಾವಿರಗಟ್ಟಲೆ ಸಾಲುಗಳ ಕೊನೆಗೆ ಅವಳು ಊರಿನ ಸಾಲನ್ನು ಸೇರಿಸಿದಳು. ಹೊರಗಿನವರ ಸಂಖ್ಯೆಗಳೊಂದಿಗೆ ಎಂದೂ ಡಿಕ್ಕಿಯಾಗಬಾರದೆಂದು ಒಂಬತ್ತು ಲಕ್ಷದ ಮೇಲಿನದೊಂದು ಸಂಖ್ಯೆ ಕೊಟ್ಟಳು. ಕೊಳವೆಗಳ ಗೆರೆಗಳಿದ್ದ ಪದರಕ್ಕೆ 'ನೀನು ಈ ಸಂಖ್ಯೆಯವಳು' ಎಂದು ಹೇಳಿದಳು. ಗೆರೆಗಳು ಸಮುದ್ರದಿಂದ ಎದ್ದು ತಾವಾಗಿಯೇ ಊರಿಗೆ ಬಂದು ಮಲಗಿದವು. ಯಾರೂ ಎಳೆಯಲಿಲ್ಲ, ತಿರುಗಿಸಲಿಲ್ಲ.  ಚಪ್ಪಾಳೆ ತಟ್ಟಲು ಕೋಣೆಯಲ್ಲಿ ಯಾರೂ ಇರಲಿಲ್ಲ, ಇದ್ದಿದ್ದರೂ ಅವಳು ಅವರ ಚಪ್ಪಾಳೆಯನ್ನು ಲೆಕ್ಕಕ್ಕೆ ಇಡುತ್ತಿರಲಿಲ್ಲ.

ಚೀಫ್ ಸಾಹೇಬರಿಗೆ ತೋರಿಸಿದಾಗ ಅವರು ಸಂಖ್ಯೆಯನ್ನು ಬೆರಳಿಟ್ಟು ಓದಿದರು. "ಒಂಬತ್ತು ಲಕ್ಷ... ಇಷ್ಟು ದೊಡ್ಡದು ಯಾಕಮ್ಮ? ಇದಕ್ಕೆ ಮೇಲಿನವರ ಒಪ್ಪಿಗೆ ಬೇಡ್ವಾ? ಸಣ್ಣದು ಯಾವುದಾದ್ರೂ ಇಟ್ಟಿದ್ರೆ ನೆನಪಾದ್ರೂ ಇರ್ತಿತ್ತು."

"ಒಪ್ಪಿಗೆ ಬೇಡ ಸರ್. ಈ ಸಂಖ್ಯೆಗಳನ್ನ ಬಿಟ್ಟಿರೋದೇ ನಮ್ಮಂಥವರಿಗೆ ಅಂತ."

"ನಮ್ಮಂಥವರು ಅಂದ್ರೆ?" ಎಂದರು ಸಾಹೇಬರು ಅನುಮಾನದಿಂದ. ಕೊನೆಗೆ ಅವರು ಕೊಟ್ಟ ತೀರ್ಪು ಇದು: ಅಗೆಯುವ ತಂಡಕ್ಕೆ ಸಲಹೆಗಾರರ ನಕ್ಷೆ, ಅದಕ್ಕೆ ಸಹಿ ಆಗಿದೆ. ಅವಳದು ಪಕ್ಕಕ್ಕೆ ಇರಲಿ, ಕೆಟ್ಟು ಹೋಗುವ ವಸ್ತುವೇನಲ್ಲವಲ್ಲ.

ಅವಳು ಒಂದು ಪತ್ರ ಬರೆದು ಕಳಿಸಿದಳು. 'ಪರಿಭ್ರಮಣದ ದೋಷವು ದೂರದೊಂದಿಗೆ ರೇಖೀಯವಾಗಿ ವರ್ಧಿಸುವುದು' ಎಂಬಂಥ ವಾಕ್ಯಗಳು. ಓದಿದವರಿಗೆ ಅರ್ಥವಾಗಬಾರದೆಂದೇ ಬರೆದಂತಿತ್ತು. ಅರ್ಥವಾಗಲೂ ಇಲ್ಲ. ಆಮೇಲೆ ಅವಳು ಸುಮ್ಮನೆ ಕಾದಳು. ಎಲ್ಲಾದರೂ ಅಂಚಿನಲ್ಲಿ ಒಂದು ಕೊಳವೆ ಒಡೆಯಲಿ, ಆಗ ನೋಡೋಣ.

ಒಡೆಯಿತು. ದಿಬ್ಬದ ಇಳಿಜಾರು ಬೀದಿಯಲ್ಲಿ ಟಾರು ಬಿರಿದು ನೀರು ಉಕ್ಕಿತು. ಆ ಬೀದಿಯ ಕವಾಟ ಟಾರಿನಡಿ ಹೂತುಹೋಗಿತ್ತು. ಮೇಸ್ತ್ರಿ ಭಾವನ ನಕ್ಷೆ ನೋಡಿ ಒಂದು ಗುಂಡಿ ತೋಡಿಸಿದ. ಮಣ್ಣು. ಪಕ್ಕದಲ್ಲಿ ಇನ್ನೊಂದು. ಮಣ್ಣು. ದಶಾಂಶಳಿಗೆ ಫೋನು ಬಂದಾಗ ಅವಳು ಆಗಲೇ ಚೀಲಕ್ಕೆ ತನ್ನ ನಕ್ಷೆ ತುರುಕಿಕೊಂಡಿದ್ದಳು.

ಬೀದಿಯಲ್ಲಿ ಜನ ಸೇರಿದ್ದರು. ಭಾವನೂ ಬಂದಿದ್ದ, ಬಿಳಿ ಬೂಟು ತೋಯಬಾರದೆಂದು ಒಂದು ಮೆಟ್ಟಿಲ ಮೇಲೆ ನಿಂತಿದ್ದ. ಮೆಟ್ಟಿಲು ಒಬ್ಬ ದರ್ಜಿಯದು. ರಸ್ತೆಯಿಂದ ಕೆಳಗಿಳಿದು ಹೋಗುವ ಅಂಗಡಿ, ಒಳಗೆ ಎರಡು ಹೊಲಿಗೆ ಯಂತ್ರ, ನೆಲದ ಮೇಲೆ ಕಟ್ಟುಕಟ್ಟಾಗಿ ಶಾಲೆಯ ಸಮವಸ್ತ್ರ. ದರ್ಜಿ ವಯಸ್ಸಾದವನು, ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡು ಬಾಗಿಲಿಗೆ ಮರಳಿನ ಚೀಲ ಅಡ್ಡವಿಡುತ್ತಿದ್ದ.

"ನಕ್ಷೇಲಿ ಇಲ್ಲೇ ಇದೆ," ಎನ್ನುತ್ತಿದ್ದ ಭಾವ. "ಆದ್ರೂ ನೋಡಿ, ನನಗೇನೂ ಗ್ಯಾರಂಟಿ ಇಲ್ಲ ಇವ್ರೇ. ಹಳೇ ಕಾಲದ ಕೊಳವೆ. ಹಾಗೂ ಇರಬಹುದು, ಹೀಗೂ ಇರಬಹುದು."

ದಶಾಂಶ ಗುಂಡಿಗಳನ್ನು ಒಂದೊಂದಾಗಿ ನೋಡಿದಳು, ಭಾವನನ್ನು ನೋಡಿದಳು.  ಆ ನೋಟದ ರುಚಿ ಅವಳು ಬಹಳ ದಿನದಿಂದ ಕಾದಿದ್ದ ರುಚಿ. ಟೇಪು ಹಿಡಿದು ಬೀದಿಯ ಮೂಲೆಯಿಂದ ಅಳೆದು, ದರ್ಜಿಯ ಅಂಗಡಿಯ ಮುಂದೆ ಸೀಮೆಸುಣ್ಣದಲ್ಲಿ ಶಿಲುಬೆಯಂತೆ ಗುರುತು ಹಾಕಿದಳು.

"ಇಲ್ಲಿ ಅಗೀರಿ."

"ಖಂಡಿತಾನಾ?" ಎಂದ ಮೇಸ್ತ್ರಿ.

"ನಾನು ಹಾಗೂ ಇರಬಹುದು ಹೀಗೂ ಇರಬಹುದು ಅನ್ನೋಳಲ್ಲ. ಖಂಡಿತ."

ದರ್ಜಿ ತಲೆ ಎತ್ತಿದ. "ಅಮ್ಮ, ಅದು ನನ್ನ ಬಾಗಿಲು. ಒಳಗಿರೋ ಬಟ್ಟೆ ಮೇಲೆತ್ತಿ ಇಟ್ಕೊಳ್ಳಾ?"

"ಏನೂ ಬೇಡ. ಒಂದು ಕಬ್ಬಿಣದ ಮುಚ್ಚಳ ಸಿಗುತ್ತೆ, ತೆಗೆದು ತಿರುಗಿಸಿದ್ರೆ ಮುಗೀತು."

ಮುಚ್ಚಳ ಸಿಗಲಿಲ್ಲ. ಅಗೆಯುವ ಯಂತ್ರದ ಹಲ್ಲಿಗೆ ಏನೋ ಗಟ್ಟಿಯಾದದ್ದು ಸಿಕ್ಕಿತು. ಚಾಲಕ ಮುಚ್ಚಳವೇ ಸಿಕ್ಕಿತು ಎಂದುಕೊಂಡು ಇನ್ನೊಮ್ಮೆ ಎಳೆದ. ಅದು ಬೀದಿಯ ಹೊಲಸು ಹೊರುವ ದಪ್ಪ ಮಣ್ಣಿನ ಕೊಳವೆ. ಒಡೆದ ಕೂಡಲೇ ಕಪ್ಪು ನೀರು ಗುಂಡಿಯಿಂದ ಮೇಲೆದ್ದು, ಮರಳಿನ ಚೀಲದ ಮೇಲಿಂದ ಹಾದು, ಮೆಟ್ಟಿಲಿಳಿದು ದರ್ಜಿಯ ಅಂಗಡಿಗೆ ಹೋಯಿತು. ಹೊಲಿಗೆ ಯಂತ್ರದ ಕಾಲುಮಣೆ ಮುಳುಗಿತು. ಸಮವಸ್ತ್ರದ ಕಟ್ಟುಗಳು ಬಿಚ್ಚಿಕೊಂಡು ತೇಲಿದವು. ನಾತಕ್ಕೆ ಜನ ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ಭಾವ ಎಲ್ಲಕ್ಕಿಂತ ಮೊದಲು ಸರಿದ.

ಕೊನೆಗೆ ಪಂಪ್‌ಹೌಸಿನಲ್ಲೇ ನೀರು ನಿಲ್ಲಿಸಬೇಕಾಯಿತು. ಅರ್ಧ ಊರಿನ ನಲ್ಲಿಗಳು ಒಣಗಿದವು. ಮೇಸ್ತ್ರಿಯ ಆಳುಗಳು ದರ್ಜಿಯ ಅಂಗಡಿಯಿಂದ ಬಕೆಟಿನಲ್ಲಿ ಕೊಳೆ ಎತ್ತಿ ಸುರಿಯುತ್ತಿದ್ದರು. ದಶಾಂಶ ಒಂದು ಬಕೆಟ್ ಹಿಡಿದುಕೊಂಡಳು, ಯಾರೂ ಅವಳಿಗೆ ಬೇಡ ಎನ್ನಲಿಲ್ಲ. ದರ್ಜಿ ತೊಯ್ದ ಅಂಗಿಯೊಂದನ್ನು ಹಿಂಡಿ, ಮೂಸಿ, ಮತ್ತೆ ನೀರಿಗೇ ಹಾಕಿದ.

"ಇವರೂ ತಪ್ಪು ನಕ್ಷೆ ತಂದಿದ್ರು," ಎಂದಳು ಅವಳು. ಏಕೆ ಹೇಳಿದಳೋ. ಭಾವನ ಪಾಲೂ ಇದೆ ಎಂದು ಆ ಮನುಷ್ಯನಿಗೆ ತಿಳಿಯಲಿ ಎಂದಿರಬೇಕು.

ದರ್ಜಿ ಅವಳ ಕಡೆ ನೋಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದದ್ದು ಏನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಎಷ್ಟು ವರ್ಷದಿಂದ ಅದನ್ನೇ ತಾನು ಇತರರ ಮೇಲೆ ಬೀರಿಕೊಂಡು ಬಂದಿದ್ದಳು. "ಅವರಿಗೆ ಗೊತ್ತಿಲ್ಲ ಅಂತ ಅವರೇ ಹೇಳಿದ್ರು," ಎಂದ. "ನೀವು ಗೊತ್ತು ಅಂದ್ರಿ. ಅದಕ್ಕೇ ಬಟ್ಟೆ ಎತ್ತಿಡಲಿಲ್ಲ."

ಮನೆಗೆ ಬಂದು ಸ್ನಾನ ಮಾಡಿದಳು, ಇನ್ನೊಮ್ಮೆ ಮಾಡಿದಳು. ಗಂಡ ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಸೇಬು ಹೆಚ್ಚುತ್ತಿದ್ದ.

"ರೀ, ನಾನು ಹಾಕಿದ ಲೆಕ್ಕ ತಪ್ಪಿರೋಕೆ ಸಾಧ್ಯಾನೇ ಇಲ್ಲ. ಎರಡು ಗುರುತೂ ಸರಿಯಾಗಿ ಕೂತಿದ್ವು."

"ಮೂರನೇದು?"

"ತಗೊಂಡಿಲ್ಲ."

"ಯಾಕೆ?"

ಅವಳು ಒದ್ದೆ ಕೂದಲನ್ನು ಟವೆಲಿನಲ್ಲಿ ಒರೆಸಿಕೊಂಡಳು. ಅವನು ಅಣ್ಣನ ಸುದ್ದಿ ಎತ್ತಲಿಲ್ಲ, ಉಪ್ಪಿನ ಡಬ್ಬಿಯ ಸುದ್ದಿಯನ್ನೂ ಎತ್ತಲಿಲ್ಲ. ಒಂದು ಹೋಳು ಅವಳ ಮುಂದೆ ಚಾಚಿದ. "ಕಾಯಿಲೆ ಬಿದ್ದ ಹಸು ಯಾರದು ಅಂತ ನೋಡ್ಕೊಂಡು ನಾನು ಔಷಧಿ ಕೊಡೋಕಾಗುತ್ತೇನೇ? ಮಹಾ ಒರಟು ಯಜಮಾನರು ಇರ್ತಾರೆ. ಹಸು ಹಿಡ್ಕೊಳ್ಳಿ ಅಂತ ಅವರಿಗೇ ಹೇಳ್ಬೇಕು."

ಮರುದಿನ ಅವಳು ಸೇತುವೆಗೆ ನಡೆದುಕೊಂಡು ಹೋದಳು. ಕಂಡರಿಸಿದ ಕಲ್ಲು ಮೂಲೆಯಲ್ಲೇ ಇತ್ತು. ಬಗ್ಗಿ ನೋಡಿದಾಗ ಕಲ್ಲಿನ ಸುತ್ತಲಿನ ಗಾರೆ ಹೊಸದು ಎಂದು ಕಂಡಿತು. ಹಳೆಯ ಕಮಾನು ಎಲ್ಲಿ ಮುಗಿದು ಹೊಸ ಕಾಂಕ್ರೀಟು ಎಲ್ಲಿ ಶುರುವಾಗುತ್ತದೆ ಎಂಬುದು ನದಿಯ ಬದಿಯಿಂದ ಎದ್ದು ಕಾಣುತ್ತಿತ್ತು. ಸೇತುವೆ ಅಗಲ ಮಾಡಿದಾಗ ಕಲ್ಲನ್ನು ಕಿತ್ತು, ಚೆಂದಕ್ಕೆಂದು ಹೊಸ ಮೂಲೆಗೆ ತಂದು ನೆಟ್ಟಿದ್ದರು. ಸರಪಳಿ ಹಿಗ್ಗಿರಲಿಲ್ಲ. ಸತ್ತ ಎಂಜಿನಿಯರನ ಅಡಿ ಅಡಿಯೇ ಆಗಿತ್ತು. 'ಸುಮಾರು ಅಂದ್ರೆ ಎಷ್ಟು' ಎಂದು ಊರನ್ನೆಲ್ಲ ಕೇಳಿಕೊಂಡು ತಿರುಗಿದವಳು ಈ ಒಂದು ಗಾರೆಯನ್ನು ಬೆರಳಿಂದ ಕೆರೆದು ನೋಡಿರಲಿಲ್ಲ. ಇಷ್ಟು ದಿನ ಚೀಫ್ ಸಾಹೇಬರಿಗೂ ಕಿರಿಯ ಎಂಜಿನಿಯರುಗಳಿಗೂ ಹಂಚಿದ ತಿರಸ್ಕಾರ ಒಟ್ಟಾಗಿ ಒಬ್ಬಳ ಮೇಲೆ ಬಿದ್ದರೆ ಎಷ್ಟು ಭಾರ ಎಂದು ಆ ಸೇತುವೆಯ ಮೇಲೆ ಅವಳಿಗೆ ಗೊತ್ತಾಯಿತು.

ಅಲ್ಲಿಂದಲೇ ಭಾವನಿಗೆ ಫೋನು ಮಾಡಿದಳು.

"ಭಾವ, ನಿಮ್ಮ ಯಂತ್ರ ಬೇಕು. ಪ್ಲೀಸ್."

 ಮೊದಲ ಸಲ ಅವನಿಗೆ ಸ್ಲೈಡು ಸಿದ್ಧವಿರಲಿಲ್ಲ. "ಏನಮ್ಮ, ಹುಷಾರಾಗಿದ್ದೀಯಾ?"

"ನಾನು ತಪ್ಪಿದೆ. ಸೇತುವೆ ಕಲ್ಲು ಜರುಗಿದೆ. ತೊಟ್ಟಿ, ಸ್ಮಶಾನ, ಜೈಲು, ಎಲ್ಲಾ ಕಡೆ ಅಳೀಬೇಕು. ಬೂಟು ಹಳೇದು ಹಾಕ್ಕೊಂಡು ಬನ್ನಿ."

ಬಂದ. ಸಹಿಸುವುದು ಸುಲಭವಾಗಿರಲಿಲ್ಲ. ತೊಟ್ಟಿಯ ದಿಬ್ಬ ಹತ್ತುವಾಗ 'ತಪ್ಪಿದೆ' ಎಂಬ ಪದವನ್ನು ಅವಳ ಬಾಯಿಂದ ಇನ್ನೊಮ್ಮೆ ಕೇಳಬೇಕು ಎಂದ. ಸ್ಮಶಾನದ ಗೇಟಿನಲ್ಲಿ ಯಂತ್ರದ ಕಂಬವನ್ನು ಓರೆಯಾಗಿ ಹಿಡಿದುಕೊಂಡು ಫೋನಿನಲ್ಲಿ ಹರಟಿದ. ಕಂಬ ನೆಟ್ಟಗಿದೆಯೇ ಎಂದು ತೋರಿಸುವ ನೀರ್ಗುಳ್ಳೆ ನಡುವಿಗೆ ಬರುವವರೆಗೆ ಅವಳು ಅವನ ಮಣಿಕಟ್ಟನ್ನು ಹಿಡಿದು ನೆಟ್ಟಗೆ ಮಾಡಬೇಕಾಯಿತು. ಜೈಲಿನ ಗೋಡೆಯ ಹತ್ತಿರ ಕಾವಲುಗಾರನಿಗೆ "ನಾನು ಭೂಮಿ ಅಳೀತಾ ಇದ್ದೀನಿ" ಎಂದು ಗಂಭೀರವಾಗಿ ಹೇಳಿದ. ಇವನು ಮೂರ್ಖ ಎಂಬ ಅವಳ ಅಭಿಪ್ರಾಯ ಆ ದಿನದಲ್ಲಿ ಎಳ್ಳಷ್ಟೂ ಬದಲಾಗಲಿಲ್ಲ, ಇನ್ನಷ್ಟು ಗಟ್ಟಿಯಾಯಿತು. ಆದರೆ ಯಂತ್ರ ಅವನದು, ಅದು ಸರಿಯಾಗಿ ಓದುತ್ತಿತ್ತು, ಅವಳು ಕೇಳಿದ ಕಡೆಯೆಲ್ಲ ಅವನು ಬಂದ. ಕೇಳುವುದಕ್ಕೆ ಅವನನ್ನು ಮೆಚ್ಚಬೇಕಾಗಿರಲಿಲ್ಲ.

ಹೊಸ ಲೆಕ್ಕದಲ್ಲಿ ಯಾವ ಗುರುತೂ ಶೂನ್ಯಕ್ಕೆ ಕೂರಲಿಲ್ಲ. ಒಂದು ಇತ್ತ ಬೆರಳಗಲ, ಇನ್ನೊಂದು ಅತ್ತ ಅಂಗೈಯಗಲ. ಅಡಿ ಮಾತ್ರ ಬರಬೇಕಾದಷ್ಟೇ ಬಂತು. ಕೋಷ್ಟಕದಲ್ಲಿದ್ದ ತನ್ನ ಹಳೆಯ ಸಾಲನ್ನು ಅವಳು ತಿದ್ದಲಿಲ್ಲ; ಆ ಸಂಖ್ಯೆ ನಂಬಿ ಯಾರಾದರೂ ಏನಾದರೂ ಮಾಡಿದ್ದರೆ ಮೋಸವಾಗಬಾರದೆಂದು 'ಬಳಸಬೇಡಿ' ಎಂದು ಗುರುತು ಹಾಕಿ, ಮುಂದಿನ ಸಂಖ್ಯೆಗೆ ಹೊಸ ಸಾಲು ಬರೆದಳು. ಎಷ್ಟು ತಪ್ಪಬಹುದು ಎಂಬುದನ್ನೂ ಪಕ್ಕದಲ್ಲಿ ನಮೂದಿಸಿದಳು, ಈ ಸಲ ಯಾರು ಓದಿದರೂ ತಿಳಿಯುವ ಮಾತಿನಲ್ಲಿ.

ಸಭೆಯ ಕೋಣೆಯಲ್ಲಿ ಅದನ್ನು ಭಾವನೇ ತೋರಿಸಿದ. ಸ್ಲೈಡಿನ ಮೇಲೆ 'ನಮ್ಮ ತಂಡದ ಹೊಸ ವ್ಯವಸ್ಥೆ' ಎಂದಿತ್ತು. ಚೀಫ್ ಸಾಹೇಬರು ಎದ್ದು ನಿಂತು, "ನಾನು ಮೊದಲಿಂದಲೂ ಹೇಳ್ತಾ ಇದ್ದೆ, ನಮ್ಮ ಊರಿಗೆ ನಮ್ಮದೇ ನಂಬರ್ ಬೇಕು ಅಂತ," ಎಂದರು. ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ದಶಾಂಶ ಕಿಟಕಿಯ ಹೊರಗೆ ನೋಡುತ್ತಿದ್ದಳು. ಎಲ್ಲರೂ ಎಷ್ಟು ಹಗುರವಾಗಿ ಸುಳ್ಳು ಹೇಳುತ್ತಾರೆ ಎನ್ನಿಸಿತು. ಅದನ್ನು ತಿದ್ದಲು ಹೋಗುವಷ್ಟು ಗೌರವವೂ ಅವಳಿಗೆ ಅವರ ಮೇಲೆ ಉಳಿದಿರಲಿಲ್ಲ.

ಇಳಿಜಾರು ಬೀದಿಯ ಕವಾಟವನ್ನು ಹುಡುಕುವ ಕೆಲಸ ಬಾಕಿಯಿತ್ತು. ಮೇಸ್ತ್ರಿ ಈ ಸಲ ಅಗೆಯುವ ಯಂತ್ರ ತರದೆ ಗುದ್ದಲಿ ತಂದ. ದಶಾಂಶ ದರ್ಜಿಯ ಬಾಗಿಲಿಗೆ ಹೋಗಿ, "ಅಲ್ಲಿ ಆ ದೀಪದ ಕಂಬದ ಹತ್ರ ಅಗೀತೀವಿ. ಒಂದು ಗೇಣು ಆಚೀಚೆ ಆಗಬಹುದು. ಕೆಳಗಿರೋ ಬಟ್ಟೆ ಮೇಲಿಟ್ಟುಕೊಳ್ಳಿ," ಎಂದಳು.

"ಆಗಲೇ ಇಟ್ಟಿದ್ದೀನಿ," ಎಂದ ದರ್ಜಿ. ನೆಲದ ಮೇಲೆ ಏನೂ ಇರಲಿಲ್ಲ. ಕಟ್ಟುಗಳೆಲ್ಲ ಹಲಗೆಯ ಮೇಲೆ, ಯಂತ್ರಗಳು ಇಟ್ಟಿಗೆಯ ಮೇಲೆ. ಅವನು ಬಾಗಿಲಲ್ಲಿ ಕೈಕಟ್ಟಿ ನಿಂತ. ಅವಳು ಕ್ಷಮೆ ಕೇಳುವ ಮಾತು ಯೋಚಿಸಿಕೊಂಡು ಬಂದಿದ್ದಳು, ಹೇಳಿದಳು. ಅವನು ಗುದ್ದಲಿಯ ಕಡೆಗೇ ನೋಡುತ್ತಿದ್ದ.

ಗುದ್ದಲಿ ಠಣ್ ಎಂದಿತು. ಮೇಸ್ತ್ರಿ ಕೈಯಿಂದಲೇ ಮಣ್ಣು ಸರಿಸಿದ. ದುಂಡನೆಯ ಕಬ್ಬಿಣದ ಮುಚ್ಚಳ, ಗುರುತಿಗಿಂತ ಅರ್ಧ ಗೇಣು ಎಡಕ್ಕೆ. ದರ್ಜಿ ಅದನ್ನು ಒಮ್ಮೆ ನೋಡಿ ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಹೊಲಿಗೆ ಯಂತ್ರದ ಸದ್ದು ಕೇಳಿಸಿತು.

ಭಾವನ ಕಾರು ಬಂದು ನಿಂತಿತು. ಅವನು ಇಳಿದವನೇ ಗುಂಡಿಯ ಅಂಚಿಗೆ ಬಂದು, ಕಾಲರ್ ಸರಿಮಾಡಿಕೊಂಡು, ಫೋನನ್ನು ಅವಳ ಕೈಗೆ ಕೊಟ್ಟ. "ಒಂದು ಫೋಟೋ ತೆಗಿಯಮ್ಮ. ನಾನು, ಮುಚ್ಚಳ, ಎರಡೂ ಬರಬೇಕು. ಮುಂದಿನ ಊರಿನವರಿಗೆ ತೋರಿಸ್ಬೇಕು."

ದಶಾಂಶ ಫೋನು ಎತ್ತಿ ಹಿಡಿದಳು. ಮುಚ್ಚಳದ ಅಂಚು ಎಲ್ಲೂ ಕತ್ತರಿಸಿ ಹೋಗಬಾರದು, ಪಕ್ಕದ ಸೀಮೆಸುಣ್ಣದ ಗುರುತೂ ಸ್ಪಷ್ಟವಾಗಿ ಕಾಣಬೇಕು ಎಂದು ಫೋನನ್ನು ಕೆಳಗೆ ವಾಲಿಸಿದಳು, ಇನ್ನೂ ಸ್ವಲ್ಪ ವಾಲಿಸಿದಳು. ಭಾವ ಹಲ್ಲು ತೋರಿಸಿಕೊಂಡು ನಿಂತೇ ಇದ್ದ. ಅವಳು ಫೋಟೋ ತೆಗೆದಳು. ಮುಚ್ಚಳ ಪೂರ್ತಿ ಬಂತು, ಗುರುತು ಬಂತು, ಭಾವನದು ಬೂಟಿನಿಂದ ಮಂಡಿಯವರೆಗೆ ಬಂತು.

"ಚೆನ್ನಾಗಿ ಬಂದಿದೆ ಭಾವ," ಎಂದು ಫೋನು ವಾಪಸು ಕೊಟ್ಟು, ಅವಳು ಮೇಸ್ತ್ರಿಯ ಜೊತೆ ಕವಾಟ ತಿರುಗಿಸಲು ಗುಂಡಿಗೆ ಇಳಿದಳು.